ಗಂಜಿ ಹಾಕಿದ ಸೋಸುಬಟ್ಟೆ

ಗಂಜಿ ಹಾಕಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಬಹಳ ಮಂದಿಗೆ ಇಷ್ಟ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಿಟ್ಟು ಬರುತ್ತದೆ. ಕಳೆದ ತಿಂಗಳು ಬ್ರಹ್ಮಾವರದಲ್ಲಿ ನಮ್ಮ ಮನೆಯ ಹತ್ತಿರದ ಇಸ್ತ್ರಿ ಅಂಗಡಿಯಲ್ಲಿ, ಒಂದು ಮದುವೆಗೆ ಹೋಗಲೆಂದು, ನನ್ನ ಬಿಳಿ ಅಂಗಿಗಾಗಿ ಕಾಯುತ್ತ ನಿಂತಿದ್ದೆ. ಅಂಗಡಿಯವನು ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದ. ಚುಂಯ್ ಎಂದು ಹಬೆ ಎದ್ದಿತು. ಬೆಂದ ಗಂಜಿಯ ವಾಸನೆ. “ಸಾಕು ಮಾರಾಯ, ಕೊಡು ಹಾಗೇ” ಎಂದು ಗದರಿದೆ. “ಎಂತಾಯ್ತ್ ಮಾಷ್ಟ್ರೆ, ಇನ್ನೊಂದ್ ಕೈ ಬಾಕಿ ಇತ್ತಲೆ” ಎಂದು ಅವನು ನನ್ನ ಮುಖ ನೋಡಿದ. ಅವನ ತಪ್ಪೇನೂ ಇರಲಿಲ್ಲ. ಆರು ವರ್ಷದ ಹಿಂದಿನ ಒಂದು ಬೇಸಿಗೆ ನನ್ನ ತಲೆಯಲ್ಲಿ ಬಂದು ಕೂತಿತ್ತು, ಅಷ್ಟೆ.

ಆಗ ನಾನು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಬೈಂದೂರಿನ ಮನೆಯಲ್ಲಿ ಕೂತು ಅರ್ಜಿ ಹಾಕಿ ಹಾಕಿ ಬೇಸತ್ತಿದ್ದೆ. ಕುಂದಾಪುರದ ಹೊರಗೆ ಹೊಳೆಯ ದಂಡೆಯಲ್ಲಿದ್ದ ಒಂದು ಹಳೆಯ ಹಂಚಿನ ಕಾರ್ಖಾನೆಯ ಧಣಿಗಳು ಪರಿಚಯದವರ ಮೂಲಕ ಹೇಳಿ ಕಳುಹಿಸಿದರು. ಹಂಚು ಕೇಳುವವರು ಕಡಿಮೆಯಾಗಿದ್ದರು. ಹೆದ್ದಾರಿ ಬದಿಯ ಒಂದು ರೆಸಾರ್ಟಿನವರು ಗೋಡೆಗೆ ಸಿಕ್ಕಿಸುವ ಮಣ್ಣಿನ ದೀಪದ ಗೂಡುಗಳು ಬೇಕೆಂದಿದ್ದರು. ತೆಳುವಾದ, ಒಳಗೆ ಟೊಳ್ಳಾದ, ಮೈತುಂಬ ತೂತಿನ ಚಿತ್ತಾರದ ಗೂಡುಗಳು. ಇಂಥವು ಹಂಚಿನ ಹಾಗೆ ಒತ್ತಿ ಮಾಡುವಂಥದ್ದಲ್ಲ, ತೆಳ್ಳಗಿನ ಮಣ್ಣನ್ನು ಪ್ಲಾಸ್ಟರ್ ಅಚ್ಚಿಗೆ ಹೊಯ್ದು ಮಾಡುವಂಥದ್ದು. ಅಚ್ಚು ನೀರು ಹೀರಿಕೊಂಡು ಒಳಮೈಗೆ ಮಣ್ಣಿನ ಪದರ ಕಟ್ಟುತ್ತದೆ. ಉಳಿದದ್ದನ್ನು ಹೊರಗೆ ಸುರಿದರೆ ಒಳಗೆ ಟೊಳ್ಳು ಗೂಡು ರೆಡಿ. ಪುಸ್ತಕದಲ್ಲಿ ಇದು ಅರ್ಧ ಪುಟದ ವಿಷಯ.

“ಮಳಿ ಬಪ್ಪುಕ್ ಮೊದಲ್ ಮಾಲ್ ಒಣಗಿ ಸುಟ್ಟ್ ಆಯ್ಕ್, ಕಾಣಿ,” ಎಂದು ಧಣಿಗಳು ಮೊದಲ ದಿನವೇ ಹೇಳಿದರು. “ಮಳಿ ಹಿಡ್ದ ಮೇಲೆ ಇಲ್ಲಿ ಎಂತದೂ ಒಣಗೂದಿಲ್ಲೆ. ಅಷ್ಟರಲ್ಲಿ ಆಗ್ಲಿಲ್ಲೆ ಅಂದ್ರೆ ಈ ಶೆಡ್ಡಿಗೆ ಬಾಗ್ಲ್ ಹಾಕೂದೇ.” ಬಾಗಿಲು ಹಾಕಿದರೆ ಮನೆಗೆ ಹೋಗಬೇಕಾದವರು ನಾನು ಮತ್ತು ಆರು ಮಂದಿ ಹೆಂಗಸರು. ಅವರಲ್ಲಿ ಐವರಿಗೆ ಹಂಚಿನ ಕಡೆ ಹೇಗೋ ಕೆಲಸ ಸಿಗುತ್ತಿತ್ತು. ಆರನೆಯವರು ಜಲಜಕ್ಕ. ಗಂಗೊಳ್ಳಿಯಿಂದ ಬರುತ್ತಿದ್ದರು, ಐವತ್ತು ದಾಟಿದ ಹೆಂಗಸು. ಇಪ್ಪತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವರು. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಬಿಟ್ಟು ಇಲ್ಲಿಗೆ ಸೇರಿದ್ದರು. ಹಂಚು ಹೊರುವ ಕೆಲಸ ಅವರಿಂದ ಆಗುತ್ತಿರಲಿಲ್ಲ. ಈ ಶೆಡ್ಡಿನಲ್ಲಿ ಕೂತು ಮಣ್ಣು ಸೋಸುವ ಕೆಲಸ ಆಗುತ್ತಿತ್ತು.

ಮಣ್ಣು ಬರುತ್ತಿದ್ದದ್ದು ಕೊಕ್ಕರ್ಣೆ ಕಡೆಯ ಒಂದು ಗದ್ದೆಯಿಂದ, ಟೆಂಪೋದಲ್ಲಿ. ಅದನ್ನು ಡ್ರಮ್ಮಿನಲ್ಲಿ ನೆನೆಸಿ, ಕದಡಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಅದಕ್ಕೆ ನಾನು ಕ್ಯಾನಿನಿಂದ ಒಂದಿಷ್ಟು ಪಾಲಿಮರ್ ಹಾಕಬೇಕು. ಪುಸ್ತಕದಲ್ಲಿ ಈ ಕಲಸಿದ ಮಣ್ಣಿಗೆ ಸ್ಲಿಪ್ ಎನ್ನುತ್ತಾರೆ. ಹೆಂಗಸರು ಅದನ್ನು ಒಮ್ಮೆ ನೋಡಿದವರೇ ದೋಸೆ ಹಿಟ್ಟೆಂದು ಹೆಸರಿಟ್ಟರು. ಪಾಲಿಮರಿಗೆ ‘ಮದ್ದ್’ ಎಂದರು. ನಾನೂ ವಾರದೊಳಗೆ ಹಿಟ್ಟು, ಮದ್ದು ಎನ್ನತೊಡಗಿದೆ.

ಮದ್ದು ಯಾಕೆ ಬೇಕೆಂದು ಅವರಿಗೆ ದೊಡ್ಡ ಪಾಠವನ್ನೇ ಮಾಡಿದ್ದೆ. ಜೇಡಿಮಣ್ಣಿನ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು, ಹಪ್ಪಳದ ಹಾಗೆ ಚಪ್ಪಟೆ. ಹಪ್ಪಳದ ಮೈಯಲ್ಲಿ ಋಣ ವಿದ್ಯುದಂಶ, ಅಂಚಿನಲ್ಲಿ ಧನ. ನೀರಿಗೆ ಬಿದ್ದಾಗ ಒಂದರ ಅಂಚು ಹೋಗಿ ಇನ್ನೊಂದರ ಮೈಗೆ ಅಂಟುತ್ತದೆ. ಹೀಗೆ ಅಂಟಿ ಅಂಟಿ ನಡುವೆ ನೀರನ್ನು ಹಿಡಿದು ಕೂತರೆ ಹಿಟ್ಟು ಮೊಸರಿನಂತೆ ಗಟ್ಟಿಯಾಗುತ್ತದೆ, ಹೊಯ್ದರೆ ಹರಿಯುವುದಿಲ್ಲ. ನೀರು ಜಾಸ್ತಿ ಹಾಕಿದರೆ ಹರಿಯುತ್ತದೆ, ಆದರೆ ಒಣಗುವಾಗ ಗೂಡು ಬಿರಿಯುತ್ತದೆ. ಮದ್ದು ಎಂದರೆ ಮೈತುಂಬ ಋಣ ವಿದ್ಯುದಂಶ ಇರುವ ಉದ್ದದ ಸರಪಳಿ. ಅದು ಹೋಗಿ ಕಣದ ಅಂಚಿಗೆ ಕಚ್ಚಿ ಕೂತರೆ ಎಲ್ಲ ಕಣಗಳೂ ಒಂದೇ ಜಾತಿಯವಾಗಿ ಪರಸ್ಪರ ದೂರ ತಳ್ಳುತ್ತವೆ. ಆಗ ಕಡಿಮೆ ನೀರಿನಲ್ಲೇ ಹಿಟ್ಟು ಎಣ್ಣೆಯಂತೆ ಹರಿಯುತ್ತದೆ. ಆದರೆ ಮದ್ದು ಅತಿಯಾದರೆ, ಕೂರಲು ಜಾಗ ಸಿಗದ ಸರಪಳಿಗಳು ನೀರಿನಲ್ಲೇ ಉಳಿದು ಹಿಟ್ಟು ಮತ್ತೆ ದಪ್ಪವಾಗುತ್ತದೆ.

ಪಾಠ ಮುಗಿದಾಗ ಜಲಜಕ್ಕ “ಒಟ್ಟ್ ಜಗಳ ಆಡ್ಸುಕೆ ಮದ್ದ್ ಹಾಕೂದ್ ಅನ್ನಿ” ಎಂದರು. ಎಲ್ಲರೂ ನಕ್ಕರು. ನಾನು “ಜಗಳ ಅಲ್ಲ ಜಲಜಕ್ಕ, ವಿಕರ್ಷಣೆ” ಎಂದು ತಿದ್ದಿದೆ. ಮಾತಿನ ನಡುವೆ ಬಾಯಿ ಹಾಕಿ ತಿದ್ದುವುದು ನನ್ನ ಹುಟ್ಟುಗುಣ. ಈಗ ಯೋಚಿಸಿದರೆ ನನ್ನ ಅರ್ಧ ಪುಟದ ವಿವರಣೆಗಿಂತ ಅವರ ಒಂದು ಸಾಲೇ ಚೊಕ್ಕವಾಗಿತ್ತು.

ಶಿವರಾತ್ರಿ ಕಳೆದ ಮೇಲಿನ ಮೊದಲ ವಾರ ಕೆಲಸ ಹೂವೆತ್ತಿದಂತೆ ನಡೆಯಿತು. ಧಣಿಗಳ ಮನೆಯಿಂದ ಬಂದ ಹಳೆಯ ಹರಕು ಪಂಚೆಯಲ್ಲಿ ಸೋಸುತ್ತಿದ್ದೆವು. ಕಬ್ಬಿಣದ ಜರಡಿ ಉಪ್ಪುಗಾಳಿಗೆ ವಾರದಲ್ಲೇ ತುಕ್ಕು ಹಿಡಿದು ಹಿಟ್ಟಿಗೆ ಕೆಂಪು ಚುಕ್ಕೆ ಬಿಡುತ್ತಿತ್ತು, ಹಾಗಾಗಿ ಬಟ್ಟೆಯೇ ಗಟ್ಟಿ. ಅಡಿಯಲ್ಲಿ ತೂತಿರುವ ಒಂದು ಲೋಟ ಇತ್ತು. ಅದಕ್ಕೆ ಹಿಟ್ಟು ತುಂಬಿ, ಪೂರ್ತಿ ಸೋರಿಹೋಗಲು ಎಷ್ಟು ಸೆಕೆಂಡು ಎಂದು ಫೋನಿನಲ್ಲಿ ನೋಡಿ ಬರೆದಿಡುತ್ತಿದ್ದೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತು. ಬೈಂದೂರಿನ ಮನೆಗೆ ಫೋನು ಮಾಡಿ “ಎಲ್ಲ ಕೈಗೆ ಬಂತು” ಎಂದು ಹೇಳಿಯೂ ಬಿಟ್ಟೆ.

ಆಮೇಲೆ ಒಂದು ಶನಿವಾರ ಆ ಹರಕು ಪಂಚೆ ನನ್ನ ಕಣ್ಣಿಗೆ ಬಿತ್ತು. ಕಂದು ಕಲೆ, ಅಂಚಿನಲ್ಲಿ ಬೂಷ್ಟು. ನನಗೆ ಲ್ಯಾಬಿನ ಶಿಸ್ತು ನೆನಪಾಯಿತು. ಪೇಟೆಯಿಂದ ಹೊಸ ಮಲ್ ಬಟ್ಟೆ ತರಿಸಿ, ಆರು ತುಂಡು ಮಾಡಿ, ಜಲಜಕ್ಕನ ಕೈಗೆ ಕೊಟ್ಟೆ. “ಬಟ್ಟೆ ಶುಭ್ರ ಇರಬೇಕು. ದಿನಾ ಮನೆಗೆ ಕೊಂಡೊಯ್ದು ಚೆನ್ನಾಗಿ ಒಗೆದು ತನ್ನಿ. ಇದೇ ನಿಮ್ಮ ಜವಾಬ್ದಾರಿ,” ಎಂದು ಹೇಳಿದೆ. ಜವಾಬ್ದಾರಿ ಎಂಬ ಮಾತನ್ನು ಅವರಿಗೆ ಅಲ್ಲಿ ಬೇರೆ ಯಾರೂ ಹೇಳಿರಲಿಲ್ಲ. ಅವರು ಬಟ್ಟೆಗಳನ್ನು ಮಡಚಿ, ಸೆರಗಿನಲ್ಲಿ ಒರೆಸಿದ ಒಂದು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡರು.

ಸೋಮವಾರ ಬೆಳಿಗ್ಗೆ ಹಿಟ್ಟು ಮೊಸರಾಯಿತು.

ಲೋಟದಿಂದ ಇಳಿಯಲೇ ಇಲ್ಲ. ಮದ್ದು ಹಾಕಿದೆ, ಸ್ವಲ್ಪ ಇಳಿಯಿತು. ಇನ್ನಷ್ಟು ಹಾಕಿದೆ, ಮತ್ತೆ ನಿಂತಿತು. ಸಂಜೆ ಹೊತ್ತಿಗೆ ಕಲಸಿದ ಹಿಟ್ಟು ಮಾತ್ರ ಮರ್ಯಾದೆಯಿಂದ ಹರಿಯಿತು. ಮರುದಿನ ಬೆಳಿಗ್ಗೆ ಮತ್ತೆ ಮೊಸರು, ಸಂಜೆಗೆ ಪರವಾಗಿಲ್ಲ. ಬೆಳಿಗ್ಗೆ ಹಾಳು, ಸಂಜೆ ಸರಿ. ವಾರದಲ್ಲಿ ಸೋಮವಾರ ಎಲ್ಲಕ್ಕಿಂತ ಹಾಳು. ಅದೇ ಮಣ್ಣು, ಅದೇ ನೀರು, ಅದೇ ಮದ್ದು. ನನಗೆ ತಲೆ ಕೆಟ್ಟುಹೋಯಿತು.

ಮೊದಲು ನೀರಿನ ಮೇಲೆ ಸಂಶಯ ಬಂತು. ಕಾರ್ಖಾನೆಯ ಬಾವಿ ಹೊಳೆಯಿಂದ ನೂರು ಹೆಜ್ಜೆ. ಬೇಸಿಗೆಯಲ್ಲಿ ಹೊಳೆಗೆ ಸಮುದ್ರದ ನೀರು ಏರುತ್ತದೆ. ಉಪ್ಪು ಸೇರಿದರೆ ಕಣಗಳ ನಡುವಿನ ತಳ್ಳಾಟ ಕುಗ್ಗಿ ಅವು ಒಂದಕ್ಕೊಂದು ಅಂಟುತ್ತವೆ. ಇದು ಸತ್ಯವಾದ ಮಾತು, ಆದ್ದರಿಂದಲೇ ನನ್ನನ್ನು ತಿಂಗಳುಗಟ್ಟಲೆ ದಾರಿ ತಪ್ಪಿಸಿತು. ಮೀನುಗಾರರಿಂದ ಉಬ್ಬರ ಇಳಿತದ ಹೊತ್ತು ಕೇಳಿ ಬರೆದುಕೊಂಡೆ. ಬೆಳಿಗ್ಗೆ ಉಬ್ಬರ, ಸಂಜೆ ಇಳಿತ ಎಂದು ನಾಲ್ಕು ದಿನ ಹೊಂದಿಕೆಯಾದಾಗ ಕುಣಿದಾಡಿದೆ. ಐದನೇ ದಿನ ಹೊತ್ತು ಜಾರಿತು, ಹಿಟ್ಟು ಜಾರಲಿಲ್ಲ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಕ್ಯಾನು ತಂದು ಕಲಸಿದೆ. ಮೊಸರು. ಕೊಕ್ಕರ್ಣೆಗೆ ಬಸ್ಸಿನಲ್ಲಿ ಹೋಗಿ, ಗದ್ದೆಯ ಯಜಮಾನರೊಡನೆ ಜಗಳ ಮಾಡಿ, ಬೇರೆ ಮೂಲೆಯ ಮಣ್ಣು ತೆಗೆಸಿದೆ. ಮೊಸರು. ಮದ್ದು ಮಾರುವ ಏಜೆಂಟನಿಗೆ ಫೋನು ಮಾಡಿ ನೀರು ಬೆರೆಸಿ ಮಾರುತ್ತೀರಿ ಎಂದು ಕೂಗಾಡಿದೆ. ಅವನು ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಏಪ್ರಿಲ್ ಬಂತು. ತಗಡಿನ ಮಾಡಿನ ಕೆಳಗೆ ಹನ್ನೊಂದು ಗಂಟೆಗೇ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬೈಂದೂರಿನಿಂದ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡೇ ಬರುವುದು, ಸಂಜೆ ನಿಂತುಕೊಂಡೇ ಹೋಗುವುದು. ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಲೆಕ್ಕ. ರೆಸಾರ್ಟಿನ ಮ್ಯಾನೇಜರರು ಒಂದು ದಿನ ಬಂದು ನೋಡಿದರು. ಅವರ ಎದುರಿಗೇ ನಾನು ಬಕೀಟು ಬಗ್ಗಿಸಿದೆ. ಹಿಟ್ಟು ಒಂದೇ ಮುದ್ದೆಯಾಗಿ ಜಾರಿ ಅಚ್ಚಿನ ಬಾಯಿಗೆ ಮುಚ್ಚಳದಂತೆ ಕೂತಿತು. ಅವರು ಕನ್ನಡಕ ಒರೆಸಿಕೊಂಡರು. ಹೋದ ಮೇಲೆ ಧಣಿಗಳು “ಎಂತ ಮಾರಾಯ್ರೆ, ನೀವ್ ಗೂಡ್ ಮಾಡ್ತ್ರಿಯಾ, ಮೊಸ್ರ್ ಮಾಡ್ತ್ರಿಯಾ?” ಎಂದರು. ಹೆಂಗಸರ ಎದುರಿಗೆ. ನನಗೆ ನೆಲ ಬಿರಿದರೆ ಸಾಕೆನಿಸಿತು.

ನನ್ನ ಸಿಟ್ಟು ಧಣಿಗಳ ಮೇಲೆ ಹೋಗುವಂತಿರಲಿಲ್ಲ. ಇಳಿಯುವ ಕಡೆಗೇ ಇಳಿಯಿತು. ಕೈ ಸರಿಯಾಗಿ ತೊಳೆದಿಲ್ಲ ಎಂದು ಸುಮತಿಗೆ ಬೈದೆ. ಸುಮತಿ ಜಲಜಕ್ಕನ ನೆರೆಮನೆಯವಳು, ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಸೋಸುಬಟ್ಟೆಯ ಮೂಲೆಯಲ್ಲಿ ಸಾಸಿವೆಯಷ್ಟು ಮಣ್ಣು ಕಂಡಾಗ ಅದನ್ನು ಜಲಜಕ್ಕನ ಎದುರು ಹಿಡಿದು “ಇದು ಒಗೆದದ್ದಾ? ಇನ್ನೂ ಚೆನ್ನಾಗಿ ಆಗಬೇಕು, ಇನ್ನೂ!” ಎಂದೆ. ಅವರು ಬಟ್ಟೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. “ಹೌದ್ ಸಾರೇ, ಇಲ್ಲೊಂಚೂರ್ ಉಳ್ದಿತ್ತ್” ಎಂದು ತಪ್ಪು ಒಪ್ಪಿಕೊಂಡರು. ಮರುದಿನ ಬಂದ ಬಟ್ಟೆಗಳು ಬೆಳ್ಳಗೆ ಹಾಲಿನಂತಿದ್ದವು. ಮಡಿಕೆ ಕತ್ತಿಯ ಅಲಗಿನಂತೆ ನೆಟ್ಟಗಿತ್ತು.

ಆ ಬೆಳಿಗ್ಗೆ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತದ್ದು ನೆನಪಿದೆ. ನಾನು ಉಬ್ಬರ ಇಳಿತದ ಪಟ್ಟಿಯಲ್ಲಿ ಮುಖ ಹುದುಗಿಸಿದ್ದೆ.

“ಸಾರೇ, ಬಟ್ಟಿ ಹೆಂಗಿತ್ತ್ ಈಗ?”

“ಚೆನ್ನಾಗಿದೆ, ಚೆನ್ನಾಗಿದೆ. ಹೀಗೇ ಇರಲಿ,” ಎಂದೆ. ತಲೆ ಎತ್ತಲಿಲ್ಲ.

ಮೇ ಎರಡನೇ ವಾರ ಮೂಡಣದಲ್ಲಿ ಸಂಜೆ ಸಂಜೆ ಮೋಡ ಕಟ್ಟತೊಡಗಿತು. ಒಮ್ಮೆ ಗುಡುಗು ಮಳೆ ಬಂದು ಶೆಡ್ಡಿನ ಅಂಗಳದಲ್ಲಿ ನೀರು ನಿಂತಿತು. ಧಣಿಗಳು ಮಳೆ ನೋಡಿ ನನ್ನನ್ನು ನೋಡಿದರು. ಅಷ್ಟರಲ್ಲಿ ಆದದ್ದು ಎಲ್ಲ ಸೇರಿ ಎಪ್ಪತ್ತು ಗೂಡು, ಅದರಲ್ಲಿ ಅರ್ಧ ಬಿರುಕು. ಬೇಕಾದದ್ದು ಮುನ್ನೂರು.

ಆ ವಾರದ ಸೋಮವಾರ ಜಲಜಕ್ಕ ಬರಲಿಲ್ಲ. ಅಣ್ಣನ ಮಗಳ ಮದುವೆ ಎಂದು ಮೊದಲೇ ಹೇಳಿದ್ದರು, ಬಟ್ಟೆಗಳನ್ನು ಶನಿವಾರ ಸುಮತಿಯ ಕೈಗೆ ಕೊಟ್ಟಿದ್ದರು. ಸುಮತಿ ಸೋಮಾರಿ ಹೆಣ್ಣು. ಬೆಳಿಗ್ಗೆ ಬಂದವಳು ಕಾರ್ಖಾನೆಯ ಬಾವಿಕಟ್ಟೆಯಲ್ಲೇ ಅವನ್ನು ಎರಡು ಸಲ ನೀರಿನಲ್ಲಿ ಅದ್ದಿ ಹಿಂಡಿ ಡ್ರಮ್ಮಿಗೆ ಕಟ್ಟಿದಳು. ನಾನು ಬೈಯಲು ಬಾಯಿ ತೆರೆದವನು ಯಾವ ಉತ್ಸಾಹವೂ ಇಲ್ಲದೆ ಮುಚ್ಚಿದೆ. ಮದ್ದು ಹಾಕಿದೆ, ಲೋಟ ತುಂಬಿದೆ, ಫೋನು ಒತ್ತಿದೆ. ಸರ್ರನೆ ಸೋರಿ ಖಾಲಿಯಾಯಿತು. ನಂಬಿಕೆ ಬರದೆ ಮತ್ತೊಮ್ಮೆ ತುಂಬಿದೆ. ಹದಿನೆಂಟು ಸೆಕೆಂಡು. ಸೋಮವಾರ ಬೆಳಿಗ್ಗೆ!

ಮಂಗಳವಾರ ಜಲಜಕ್ಕ ಬಂದರು, ಮದುವೆಯ ಮಲ್ಲಿಗೆ ತಲೆಯಲ್ಲಿ ಬಾಡಿತ್ತು. ಸುಮತಿಯಿಂದ ಬಟ್ಟೆ ಇಸಿದುಕೊಂಡು ರಾತ್ರಿಯೇ ಒಗೆದು ತಂದಿದ್ದರು. ಹಿಟ್ಟು ಮೊಸರು. ನಾನು ಡ್ರಮ್ಮಿನ ಹತ್ತಿರ ಹೋಗಿ ಇನ್ನೂ ಕಟ್ಟದೆ ಉಳಿದಿದ್ದ ಒಂದು ಬಟ್ಟೆಯನ್ನು ಎತ್ತಿದೆ. ಮೂರು ತಿಂಗಳಲ್ಲಿ ಅದನ್ನು ಬೈಯಲಿಕ್ಕಲ್ಲದೆ ಕೈಯಲ್ಲಿ ಹಿಡಿದು ಸರಿಯಾಗಿ ಮುಟ್ಟಿ ನೋಡಿದ್ದು ಅದೇ ಮೊದಲು. ಮಡಿಕೆ ಬಿಡಿಸಿದರೆ ಚರಚರ ಎಂದಿತು. ಮೂಗಿಗೆ ಹಿಡಿದೆ. ಕುಚ್ಚಲಕ್ಕಿ.

ಗೋಡೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ಇತ್ತು. ಎರಡು ಹನಿ ಬಿಟ್ಟೆ. ಬಿಳಿ ಬಟ್ಟೆ ಕಣ್ಣೆದುರೇ ಕಡುನೀಲಿಯಾಯಿತು. ಎಂಟನೇ ಕ್ಲಾಸಿನ ಮಕ್ಕಳು ಆಲೂಗಡ್ಡೆಯ ಮೇಲೆ ಮಾಡುವ ಪರೀಕ್ಷೆ. ಪಿಷ್ಟ! ಗಂಜಿಯ ಪಿಷ್ಟವೂ ಉದ್ದದ ಸರಪಳಿಯೇ, ಆದರೆ ಅದಕ್ಕೆ ವಿದ್ಯುದಂಶ ಇಲ್ಲ. ಒಂದು ತುದಿ ಈ ಕಣಕ್ಕೆ, ಇನ್ನೊಂದು ತುದಿ ಆ ಕಣಕ್ಕೆ ಅಂಟಿಕೊಂಡು ಎಲ್ಲವನ್ನೂ ಜೊತೆಗೆ ಕಟ್ಟಿಹಾಕುತ್ತದೆ. ಸೋಸಿದ ಮೇಲೆ ತಾನೇ ನಾನು ಮದ್ದು ಹಾಕುವುದು? ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದವರಂತೆ ಗಂಜಿ ಅಲ್ಲಿ ಕೂತಾಗಿರುತ್ತಿತ್ತು. ಸಂಜೆ ಹೊತ್ತಿಗೆ ಸೋಸಿ ಸೋಸಿ ಬಟ್ಟೆಯ ಗಂಜಿ ತೊಳೆದುಹೋಗುತ್ತಿತ್ತು, ಹಿಟ್ಟು ಸರಿಯಾಗುತ್ತಿತ್ತು. ಭಾನುವಾರ ಇಡೀ ದಿನ ಸಿಕ್ಕಾಗ ಒಗೆತ ಜೋರು, ಆದ್ದರಿಂದ ಸೋಮವಾರ ಎಲ್ಲಕ್ಕಿಂತ ಹಾಳು. ಎಲ್ಲವೂ ಒಂದೇ ಕ್ಷಣದಲ್ಲಿ ಬಿಡಿಸಿಕೊಂಡಿತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕಷ್ಟ. ಆ ನೀಲಿ ಬಟ್ಟೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದು “ಗಂಜಿ! ಗಂಜಿ!” ಎಂದು ಕೂಗುತ್ತ ಶೆಡ್ಡಿನ ಉದ್ದಕ್ಕೂ ಓಡಿದೆ. ಧಣಿಗಳು ಆಫೀಸಿನಿಂದ ಹೊರಗೆ ಬಂದರು. ಹಂಚಿನ ಕಡೆಯವರೂ ಬಂದು ಗುಂಪಾದರು. “ಮೂರು ತಿಂಗಳು ನನ್ನ ಜೀವ ತಿಂದದ್ದು ಇದು ನೋಡಿ! ಮಣ್ಣಲ್ಲ, ನೀರಲ್ಲ, ಸೋಸುಬಟ್ಟೆಗೆ ಹಾಕಿದ ಗಂಜಿ!” ಎಂದೆ.

“ಯಾರ್ ಹಾಕಿದ್ದ್ ಅದನ್ನ?” ಎಂದು ಧಣಿಗಳು ಕೇಳಿದರು.

“ಜಲಜಕ್ಕ,” ಎಂದೆ. ಅಷ್ಟು ಸಲೀಸಾಗಿ. ಒಗಟಿಗೆ ಉತ್ತರ ಹೇಳುವವನಂತೆ ಹೇಳಿದೆ. ಬಟ್ಟೆ ಶುಭ್ರ ಇರಲಿ ಎಂದು ಹೇಳಿದವನು ನಾನು, ಅದು ಆ ಹೊತ್ತಿನಲ್ಲಿ ನನಗೆ ನೆನಪೇ ಆಗಲಿಲ್ಲ.

ಎಲ್ಲರೂ ತಿರುಗಿ ನೋಡಿದರು. ಜಲಜಕ್ಕ ಡ್ರಮ್ಮಿನ ಹತ್ತಿರ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ನಿಂತಿದ್ದರು. ಯಾರೋ ಹಂಚಿನ ಕಡೆಯವನು “ಮಣ್ಣಿಗ್ ಗಂಜಿ ಬಡ್ಸಿದ್ರಂಬ್ರ್!” ಎಂದು ಕಿಸಕ್ಕೆಂದ. ನಗೆ ಎದ್ದಿತು. ಧಣಿಗಳು ನಗಲಿಲ್ಲ. “ಎಂತ ಹೆಂಗ್ಸೇ ನೀನ್, ಮೂರ್ ತಿಂಗ್ಳ್ ಹಾಳ್ ಮಾಡ್ದ್ಯಲೆ!” ಎಂದರು.

ಜಲಜಕ್ಕ ಧಣಿಗಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. “ಅದ್ ಕೊಳಿ ಅಲ್ದಲೆ ಸಾರೇ,” ಎಂದರು. “ಗಂಜಿ ಅದ್.”

ಆ ದಿನದ ಕೆಲಸ ಮುಗಿಸಿಯೇ ಹೋದರು. ಮರುದಿನ ಬರಲಿಲ್ಲ. ಸುಮತಿ ಬಂದು ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಆರು ಬಟ್ಟೆಗಳು, ಗಂಜಿ ಇಲ್ಲದೆ ಒಗೆದವು, ಮೆತ್ತಗೆ. ನಾನು ಅಯೋಡಿನ್ ಬಿಟ್ಟ ನೀಲಿ ಕಲೆಯನ್ನೂ ತಿಕ್ಕಿ ತಿಕ್ಕಿ ತೆಗೆದಿದ್ದರು. “ಜಲಜಕ್ಕ ಇನ್ ಬಪ್ಪುದಿಲ್ಲೆ ಅಂದ್ರ್,” ಎಂದಳು ಸುಮತಿ. ಧಣಿಗಳು ಕೈ ಬೀಸಿ “ಹೋದ್ರೆ ಹೋಗ್ಲಿ ಬಿಡಿ, ಕೆಲ್ಸ ಕಾಣಿ” ಎಂದರು. ನಾನು ಕೆಲಸ ನೋಡಿದೆ.

ಮದ್ದು ಮೊದಲಿನ ಮೂರನೇ ಒಂದು ಪಾಲು ಸಾಕಾಯಿತು. ಹದಿನೈದು ದಿನ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಹೊಯ್ದೆವು. ಜೂನ್ ಮಳೆ ಗಟ್ಟಿಯಾಗಿ ಹಿಡಿಯುವ ಮೊದಲು ಮುನ್ನೂರು ಗೂಡು ಭಟ್ಟಿಯಿಂದ ಇಳಿಯಿತು. ರೆಸಾರ್ಟಿನ ಮ್ಯಾನೇಜರರು ನನ್ನ ಕೈ ಕುಲುಕಿದರು. ಧಣಿಗಳು ಸಿಹಿ ಹಂಚಿದರು. ಗಂಜಿ ಕಂಡುಹಿಡಿದ ಕತೆಯನ್ನು ಬಂದವರಿಗೆಲ್ಲ ಅವರೇ ಬಣ್ಣ ಕಟ್ಟಿ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಕಾರ್ಖಾನೆಯಿಂದ ಗಂಗೊಳ್ಳಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ನಾನು ಹೋಗಲಿಲ್ಲ. ಈ ವಾರ, ಮುಂದಿನ ವಾರ ಎನ್ನುತ್ತ ಇದ್ದೆ. ಒಂಬತ್ತು ತಿಂಗಳ ಮೇಲೆ ಬ್ರಹ್ಮಾವರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಬಿಟ್ಟು ಬಂದೆ. ಸಾಮಾನು ಕಟ್ಟುವಾಗ ಹಳೆಯ ನೋಟುಪುಸ್ತಕ ಸಿಕ್ಕಿತು. ಹಿಟ್ಟು ಕೆಟ್ಟ ಮೊದಲ ಸೋಮವಾರದ ಹಿಂದಿನ ಪುಟದಲ್ಲಿ ನನ್ನದೇ ಅಕ್ಷರ: ‘ಹೊಸ ಬಟ್ಟೆ ಕೊಟ್ಟೆ. ಶುಭ್ರತೆಗೆ ಜಲಜಕ್ಕ.’ ಆ ಸಾಲನ್ನು ಅಷ್ಟು ತಿಂಗಳಲ್ಲಿ ಎಷ್ಟು ಸಲ ದಾಟಿ ಹೋಗಿದ್ದೆನೋ! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸಿತ್ತು. ಹೊಡೆದುಕೊಳ್ಳದೆ ಪುಸ್ತಕವನ್ನು ಪೆಟ್ಟಿಗೆಯ ಅಡಿಗೆ ಹಾಕಿದೆ.

ಕಳೆದ ತಿಂಗಳು ಇಸ್ತ್ರಿ ಅಂಗಡಿಯಿಂದ ಅಂಗಿ ತಂದ ಮೇಲೆ ಆ ಮದುವೆಗೆ ಹೋಗುವ ಮನಸ್ಸಾಗಲಿಲ್ಲ. ಅದೇ ಅಂಗಿ ಹಾಕಿಕೊಂಡು ಕುಂದಾಪುರದ ಬಸ್ಸು ಹತ್ತಿದೆ, ಅಲ್ಲಿಂದ ಗಂಗೊಳ್ಳಿಗೆ. ಸುಮತಿಯ ಹೆಸರು ಹೇಳಿ ಮನೆ ಹುಡುಕಿದೆ. ಜಲಜಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ತಲೆ ಬೆಳ್ಳಗಾಗಿತ್ತು. ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಾರಂತೆ, ಬೆರಳ ತುದಿಯೆಲ್ಲ ಎಣ್ಣೆ ತಾಗಿ ಕಪ್ಪಾಗಿತ್ತು.

“ಹ್ವಾಯ್, ಯಾರ್ ಕಾಂಬ! ಮದ್ದಿನ್ ಸಾರ್!” ಎಂದರು. “ಬನ್ನಿ, ಕೂಕಣಿ. ಚಾ ಮಾಡ್ತೆ.”

ಚಾ ಬೇಡವೆಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದೆ: ತಪ್ಪು ನನ್ನದು, ಬಟ್ಟೆ ಒಗೆದು ತನ್ನಿ ಎಂದವನು ನಾನು, ಎಲ್ಲರೆದುರು ನಿಮ್ಮ ಹೆಸರು ಹೇಳಬಾರದಿತ್ತು, ಆಮೇಲಾದರೂ ಬರಬೇಕಿತ್ತು. ಅವರು ಕೇಳಿಸಿಕೊಂಡರು.

“ಧಣಿ ಬೈದದ್ದಕ್ಕೆ ಎಂತ ಇಲ್ಲೆ ಸಾರೇ. ಮೀನ್ ಮಾರುವಾಗ ಅದಕ್ಕಿಂತ ಜಾಸ್ತಿ ಕೇಂಡಿದೆ,” ಎಂದರು. “ನನ್ನ್ ಹೆತ್ತ್ ಅಬ್ಬಿ ಹೇಳ್ತಿತ್ತ್, ಬೇರೆಯರ್ ಬಿಳಿ ಬಟ್ಟಿ ಗಂಜಿ ಹಾಕದೇ ವಾಪಸ್ ಕೊಟ್ರೆ ಅರ್ಧ ಒಗ್ದ ಹಾಂಗೆ ಅಂದೇಳಿ. ನೀವ್ ಇನ್ನೂ ಚಂದ ಆಯ್ಕ್, ಇನ್ನೂ ಚಂದ ಆಯ್ಕ್ ಅಂದ್ರಿ. ನಾ ಬಂದ್ ಕೇಂಡೆ ನಿಮ್ಮತ್ರ, ಬಟ್ಟಿ ಹೆಂಗಿತ್ತ್ ಅಂತ. ಚಂದ ಇತ್ತ್, ಹೀಂಗೇ ಇರ್ಲಿ ಅಂದ್ರಿ.” ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. “ಖುಷಿ ಆಯ್ತ್ ನಂಗೆ. ಮರ್ದಿನದಿಂದ ಗಂಜಿ ಇನ್ನೂ ದಪ್ಪ ಮಾಡ್ದೆ.”

ಮೂರು ತಿಂಗಳು ಸಮುದ್ರವನ್ನೂ ಗದ್ದೆಯನ್ನೂ ಏಜೆಂಟನನ್ನೂ ವಿಚಾರಣೆ ಮಾಡಿದ್ದೆ. ಹತ್ತು ಅಡಿ ದೂರದಲ್ಲಿ ಕೂತವರನ್ನು, ಬಟ್ಟೆ ಹೇಗೆ ಒಗೆಯುತ್ತೀರಿ ಎಂದು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಶಿವರಾತ್ರಿಯ ಆಚೆ ವಾರದಲ್ಲೇ ಮುಗಿದುಹೋಗುವ ಸಂಗತಿ.

ಜಲಜಕ್ಕ ಮುಂದೆ ಬಾಗಿ ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಮುಖ ಸಿಂಡರಿಸಿದರು.

“ಯಾರ್ ಹಾಕಿದ್ದ್ ಇದ್? ಬರೀ ಪೇಟಿ ಪ್ಯಾಕೆಟ್ ಗಂಜಿ. ಅರ್ಧ ಕರ್ಗ್‌ಲೇ ಇಲ್ಲೆ, ಕಾಣಿ, ಬಿಳಿ ಬಿಳಿ ಹುಡಿ.”

“ಹಾಗಾದರೆ ಹೇಗೆ ಹಾಕಬೇಕು? ಹೇಳಿ ಜಲಜಕ್ಕ,” ಎಂದೆ.

ಅವರು ಕಾಲು ಮಡಚಿ ನೆಟ್ಟಗೆ ಕೂತರು. ಅನ್ನ ಎಷ್ಟು ಬೇಯಬೇಕು, ಯಾವ ಹೊತ್ತಿಗೆ ತೆಳಿ ಬಸಿಯಬೇಕು, ಅದನ್ನು ಬಟ್ಟೆಯಲ್ಲಿ ಯಾಕೆ ಸೋಸಬೇಕು, ಬಿಸಿಲು ಯಾವ ಕಡೆಯಿಂದ ಬೀಳಬೇಕು ಎಂದು ಶುರು ಮಾಡಿದರು. ಕುಂದಾಪುರದ ಬಸ್ಸು ಎರಡು ಸಲ ಹಾರನ್ ಹಾಕಿ ಹೋಯಿತು. ನಾನು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.